ಬೇರಿಗೆ ಬೆಳ್ಳಿಯ ಕಾವಲು

ಕಡಲೆಯಿದ್ದಾಗ ಹಲ್ಲಿಲ್ಲವೆಂದು ಹಿರಿಯರು ಮರುಗುತ್ತಿದ್ದರು. ಇಂದು ಎಪ್ಪತ್ತು ದಾಟಿದ ಎಷ್ಟೋ ಮಂದಿಯ ಬಾಯಲ್ಲಿ ಸ್ವಂತ ಹಲ್ಲುಗಳು ಉಳಿದಿರುತ್ತವೆ. ಆದರೆ ಹಾಗೆ ಉಳಿದ ಹಲ್ಲಿಗೆ ಮತ್ತೊಂದು ಕಂಟಕ ಕಾದಿರುತ್ತದೆ. ವಯಸ್ಸಾದಂತೆ ಅನೇಕರಲ್ಲಿ ಒಸಡು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತದೆ. ಅದುವರೆಗೆ ಮರೆಯಲ್ಲಿದ್ದ ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ಹುಳುಕು ಮೊದಲು ಹಿಡಿಯುವುದು ಅಲ್ಲಿಯೇ.

ಇದಕ್ಕೆ ಕಾರಣ ಬೇರಿನ ರಚನೆ. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಎಂಬ ಕವಚವುಂಟು. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಬೇರಿಗೆ ಆ ಕವಚವಿಲ್ಲ. ತೆಳುವಾದ ಸಿಮೆಂಟಮ್ ಪದರ ಸವೆದುಹೋದರೆ ಉಳಿಯುವುದು ಡೆಂಟೀನ್. ಅದರಲ್ಲಿರುವ ಖನಿಜ ನೂರಕ್ಕೆ ಸುಮಾರು 70 ಪಾಲು ಮಾತ್ರ. ಎನಾಮಲನ್ನು ಕರಗಿಸಲಾರದಷ್ಟು ಸೌಮ್ಯವಾದ ಆಮ್ಲವೂ ಬೇರನ್ನು ಕರಗಿಸಬಲ್ಲುದು. ಸಾಲದುದಕ್ಕೆ, ಮುಪ್ಪಿನಲ್ಲಿ ನುಂಗಬೇಕಾಗುವ ಹಲವು ಮಾತ್ರೆಗಳು ಜೊಲ್ಲನ್ನು ಒಣಗಿಸುತ್ತವೆ. ಬಾಯಿ ಒಣಗಿತೆಂದರೆ ಆ ಆಮ್ಲವನ್ನು ತೊಳೆಯುವವರೇ ಇಲ್ಲ.

ಕೊರೆದು ತುಂಬಿಸಬಾರದೇ ಎಂದು ಕೇಳಬಹುದು. ತುಂಬಿಸಬಹುದು, ಆದರೆ ಒಸಡಿನ ಅಂಚು ಸದಾ ಒದ್ದೆ. ಅಲ್ಲಿ ಹಾಕಿದ ತುಂಬುವಸ್ತು ಗಟ್ಟಿಯಾಗಿ ಹಿಡಿದು ನಿಲ್ಲುವುದು ಕಷ್ಟ. ಕಳಚಿ ಬೀಳದಿದ್ದರೂ ಅದರ ಅಂಚಿನಿಂದಲೇ ಹುಳುಕು ಮರಳಿ ಆರಂಭವಾಗುವುದುಂಟು. ಇನ್ನು, ಹಾಸಿಗೆ ಬಿಟ್ಟೇಳಲಾರದ ವೃದ್ಧರನ್ನು ಕೊರೆಯುವ ಯಂತ್ರದ ಬಳಿಗೆ ಕರೆದೊಯ್ಯುವವರು ಯಾರು?

ಈ ಪ್ರಶ್ನೆಗೆ ಉತ್ತರವೊಂದು ಜಪಾನಿನಿಂದ ಬಂದಿತು. 1960ರ ದಶಕದ ಕೊನೆಯಲ್ಲಿ ಒಸಾಕ ವಿಶ್ವವಿದ್ಯಾನಿಲಯದಲ್ಲಿ ಯಾಮಾಗ ಮತ್ತು ನಿಶಿನೊ ಎಂಬ ಸಂಶೋಧಕರು ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿನ ಚಿಕಿತ್ಸೆಗೆ ಅಳವಡಿಸಿದರು. ಇದರಲ್ಲಿರುವ ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ; ಫ್ಲೋರೈಡು ಮೆದುವಾದ ಹಲ್ಲನ್ನು ಗಟ್ಟಿಗೊಳಿಸುತ್ತದೆ. ಸೂಜಿ ಬೇಡ, ಯಂತ್ರ ಬೇಡ. ಒಂದು ಪುಟ್ಟ ಕುಂಚದ ತುದಿಯಿಂದ ಲೇಪಿಸಿದರಾಯಿತು. ದೋಷವೊಂದೇ: ಹುಳುಕು ಹಿಡಿದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಒಂದು ಕಾಲದಲ್ಲಿ ಜಪಾನಿನ ಗೃಹಿಣಿಯರು ಹಲ್ಲಿಗೆ ಬೇಕೆಂದೇ ಕಪ್ಪು ಬಳಿದುಕೊಳ್ಳುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಇಂದಿನ ಅಭಿರುಚಿ ಬೇರೆ.

ಈ ಲೇಪ ಮುದುಕರ ಹಲ್ಲಿನ ಬೇರಿಗೆ ನಿಜಕ್ಕೂ ಉಪಯುಕ್ತವೇ ಎಂಬುದನ್ನು ಹಾಂಗ್‌ಕಾಂಗಿನ ಸಂಶೋಧಕರು ಕ್ರಮಬದ್ಧವಾಗಿ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 306 ವೃದ್ಧರನ್ನು ಚೀಟಿಯೆತ್ತಿದಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಬಾಯಿಯ ಶುಚಿತ್ವದ ತಿಳಿವಳಿಕೆ ಎಲ್ಲರಿಗೂ ದೊರೆಯಿತು. ಒಂದು ಗುಂಪಿಗೆ ಅಷ್ಟೇ. ಎರಡು ಗುಂಪುಗಳಿಗೆ ಮೂರು ತಿಂಗಳಿಗೊಮ್ಮೆ ವಾರ್ನಿಷ್ ಲೇಪ—ಒಂದಕ್ಕೆ ಕ್ಲೋರ್‌ಹೆಕ್ಸಿಡೀನಿನದು, ಮತ್ತೊಂದಕ್ಕೆ ಸೋಡಿಯಂ ಫ್ಲೋರೈಡಿನದು. ನಾಲ್ಕನೆಯದಕ್ಕೆ ವರ್ಷಕ್ಕೆ ಒಂದೇ ಸಲ ಬೆಳ್ಳಿಯ ದ್ರವ. ಮೂರು ವರ್ಷಗಳ ಬಳಿಕ ಎಣಿಸಿದಾಗ, ತಿಳಿವಳಿಕೆ ಮಾತ್ರ ಪಡೆದವರಲ್ಲಿ ತಲಾ ಸರಾಸರಿ 2.5 ಬೇರಿನ ಮೈಗಳಿಗೆ ಹೊಸದಾಗಿ ಹುಳುಕು ಹಿಡಿದಿತ್ತು. ವಾರ್ನಿಷಿನ ಗುಂಪುಗಳಲ್ಲಿ ಕ್ರಮವಾಗಿ 1.1 ಮತ್ತು 0.9, ಬೆಳ್ಳಿಯ ಗುಂಪಿನಲ್ಲಿ 0.7. ಹಲ್ಲುಜ್ಜಿರೆಂಬ ಬರಿಯ ಉಪದೇಶಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ವಿದಿತವಾಗುತ್ತದೆ!

ಆಗಲೇ ಹಿಡಿದಿರುವ ಹುಳುಕಿನ ಗತಿಯೇನು? ಅದೇ ನಗರದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ವರ್ಷಕ್ಕೊಮ್ಮೆ ಬೆಳ್ಳಿಯ ದ್ರವ ಹಚ್ಚಿದ ಹುಳುಕುಗಳಲ್ಲಿ ನೂರಕ್ಕೆ 90 ಮೂವತ್ತು ತಿಂಗಳಲ್ಲಿ ತಡೆದು ನಿಂತು ಗಟ್ಟಿಯಾದವು. ಔಷಧವಿಲ್ಲದ ತೋರಿಕೆಯ ಲೇಪ ಪಡೆದವುಗಳಲ್ಲಿ 45 ಮಾತ್ರ. ಔಷಧವಿಲ್ಲದೆ ಅಷ್ಟಾದರೂ ನಿಂತಿತೇಕೆಂದು ಅಚ್ಚರಿಪಡಬೇಕಾಗಿಲ್ಲ. ಹಾಂಗ್‌ಕಾಂಗಿನ ಕುಡಿಯುವ ನೀರಿಗೆ 1961ರಿಂದಲೂ ಫ್ಲೋರೈಡು ಬೆರೆಸಲಾಗುತ್ತಿದೆ.

ಕಪ್ಪನ್ನು ಕಳೆಯಲು ಅದೇ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಬೆಳ್ಳಿಯ ಮೇಲೆ ಪೊಟ್ಯಾಸಿಯಂ ಅಯೊಡೈಡ್ ಹಚ್ಚಿ ನೋಡಿದರು. ಹುಳುಕು ನಿಂತಿತು, ಆದರೆ ಕಾಲ ಕಳೆದಂತೆ ಕಪ್ಪು ಉಳಿದೇ ಉಳಿಯಿತು. ದವಡೆಯ ಹಲ್ಲಾದರೆ ಚಿಂತೆಯಿಲ್ಲ. ನಕ್ಕಾಗ ಕಾಣುವ ಮುಂದಿನ ಹಲ್ಲಾದರೆ ಎಪ್ಪತ್ತರ ಅಜ್ಜಿಗೂ ಸಂಕೋಚವಾದೀತು. ಲೇಪಿಸುವ ಮುನ್ನ ಆಕೆಯನ್ನು ಕೇಳದೆ ಮನೆಯವರೇ ತೀರ್ಮಾನಿಸುವುದು ಸರಿಯಲ್ಲ. ಕಪ್ಪನ್ನು ಒಲ್ಲದವರಿಗೆ ಸೋಡಿಯಂ ಫ್ಲೋರೈಡಿನ ವಾರ್ನಿಷ್ ಇದ್ದೇ ಇದೆ. ಅದರಿಂದ ಕಲೆ ನಿಲ್ಲುವುದಿಲ್ಲ, ಆದರೆ ವರ್ಷಕ್ಕೆ ನಾಲ್ಕು ಸಲ ದಂತವೈದ್ಯರಲ್ಲಿಗೆ ಹೋಗಿಬರುವಷ್ಟು ಕಾಲಿನಲ್ಲಿ ಶಕ್ತಿಯಿರಬೇಕು, ಇಲ್ಲವೇ ಕರೆದೊಯ್ಯುವ ಮಕ್ಕಳಿಗೆ ಬಿಡುವಿರಬೇಕು.