ಯಂತ್ರಗಳ ಜಾತಿ ಬೇರೆ, ಜಾಲ ಒಂದೇ

ಮಳವಳ್ಳಿ ತಾಲ್ಲೂಕಿನ ಹಲಗೂರಿನ ರೈತನಿಗೆ ಪಹಣಿ ಬೇಕೆಂದರೆ ಒಂದು ಕಾಲದಲ್ಲಿ ಗ್ರಾಮಲೆಕ್ಕಿಗರ ಬೆನ್ನು ಹತ್ತಬೇಕಿತ್ತು. ಆ ಅಲೆದಾಟವನ್ನು ತಗ್ಗಿಸಲು ಬಂದ 'ಭೂಮಿ' ಯೋಜನೆ ಪ್ರಾಯೋಗಿಕವಾಗಿ ಕಣ್ಣುಬಿಟ್ಟದ್ದು ಪಕ್ಕದ ಮದ್ದೂರಿನಲ್ಲೇ. ಹದಿನೈದು ರೂಪಾಯಿಗೆ ಕಂಪ್ಯೂಟರ್ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆ ಹೋಯಿತು.

ಅಲ್ಲಿ ಎಲ್ಲವೂ ವಿಂಡೋಸ್‌ಮಯ. ಎಲ್ಲೆಡೆ ಒಂದೇ ಬಗೆಯ ಯಂತ್ರವಿದ್ದರೆ ಜಾಲದ ಮೇಲ್ವಿಚಾರಕನಿಗೆ ಅರ್ಧ ಕೆಲಸ ಕಡಿಮೆ. ಆದರೆ ಎಲ್ಲ ಕಡೆಯೂ ಹಾಗಿರುವುದಿಲ್ಲ. ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳನ್ನೇ ನೋಡಿ. ಕೇರಳ ಸರ್ಕಾರದ ನೀತಿಯಿಂದಾಗಿ ಅಲ್ಲಿನ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆ. ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪ್ ವಿಂಡೋಸ್‌ನದ್ದಾಗಿರಬಹುದು. ಮುಂದೆ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದರೆ ಎರಡೂ ಒಂದೇ ಕೋಣೆಯಲ್ಲಿ ಕುಳಿತಿರಬಹುದು.

ಇವೆರಡನ್ನು ಮಾತನಾಡಿಸುವುದು ಹೇಗೆ? ತಂತಿ ಜೋಡಿಸುವುದು ಸುಲಭ, ಟಿಸಿಪಿ-ಐಪಿ ಎಂಬ ನಿಯಮಾವಳಿಯನ್ನು ಇಬ್ಬರೂ ಬಲ್ಲರು. ತೊಡಕು ಶುರುವಾಗುವುದು ಕಡತ ಹಂಚಿಕೊಳ್ಳುವಾಗ. ವಿಂಡೋಸ್ ಇದಕ್ಕೆ ಬಳಸುವುದು ಎಸ್‌ಎಂಬಿ ಎಂಬ ಭಾಷೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ, ಜಾಲದಲ್ಲಿ ಓಡಾಡುವ ಸಂದೇಶಗಳನ್ನು ಕದ್ದಾಲಿಸಿದಂತೆ ಗಮನಿಸಿ, ಅದೇ ಧಾಟಿಯಲ್ಲಿ ಉತ್ತರಿಸುವ ತಂತ್ರಾಂಶವನ್ನು 1992ರಲ್ಲಿ ಹೊರತಂದ. ಮುಂದೆ 'ಸಾಂಬಾ' ಎನಿಸಿಕೊಂಡಿದ್ದು ಅದೇ. ಹೆಸರನ್ನು ಆತ ನಿಘಂಟಿನಲ್ಲಿ ಹುಡುಕಿದ್ದು, ಎಸ್, ಎಂ, ಬಿ ಈ ಮೂರು ಅಕ್ಷರ ಇರುವ ಪದ ಬೇಕೆಂದು. ಲಿನಕ್ಸ್ ಯಂತ್ರದಲ್ಲಿ ಸಾಂಬಾ ಹಾಕಿದರೆ ವಿಂಡೋಸ್‌ನ ಕಣ್ಣಿಗೆ ಅದೂ ತನ್ನವರಲ್ಲೊಬ್ಬ!

ಇಷ್ಟಕ್ಕೇ ಮುಗಿಯದು. ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಲಿನಕ್ಸ್‌ಗೆ ಮುಖ್ಯ, ವಿಂಡೋಸ್‌ಗೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸ್‌ನಲ್ಲಿ ಎರಡಾಗಿದ್ದ ಕಡತಗಳು ವಿಂಡೋಸ್‌ಗೆ ಬಂದಾಗ ಒಂದರ ಮೇಲೊಂದು ಬಿದ್ದು ಒಂದು ಅಳಿಸಿಹೋಗಬಹುದು. ಗಡಿಯಾರದ ಕಾಟ ಇನ್ನೊಂದು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ವ್ಯವಸ್ಥೆ ಇರುವ ದೊಡ್ಡ ಜಾಲಗಳಲ್ಲಿ ಯಂತ್ರದ ಸಮಯ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾದರೆ ಒಳಗೆ ಬಿಡುವುದೇ ಇಲ್ಲ. ಪಾಸ್‌ವರ್ಡ್ ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ಅನುಭವಿಗಳು ಮೊದಲು ನೋಡುವುದು ಗಡಿಯಾರವನ್ನು.

ಕನ್ನಡಿಗರ ಪಾಡು ಮತ್ತೂ ಒಂದು ತೂಕ ಹೆಚ್ಚು. ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತಾತನ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಜಮೀನಿನ ಕಾಗದದಲ್ಲಿ ಹೀಗಾದರೆ ನಗುವ ಮಾತಲ್ಲ. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ.

ಹಳೆಯ ಯಂತ್ರವನ್ನು ಜಾಲದಲ್ಲಿ ಉಳಿಸಿಕೊಳ್ಳುವ ಆಸೆಯೂ ಅಪಾಯವೇ. ವಿಂಡೋಸ್ ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಜಗತ್ತಿನಾದ್ಯಂತ ಹಬ್ಬಿದ್ದು ವಿಂಡೋಸ್‌ನಲ್ಲಿ ಆ ಆವೃತ್ತಿಗಿದ್ದ ದೋಷದಿಂದ. ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಈ ವಿದ್ಯೆಗೆ ದುಬಾರಿ ಕೋರ್ಸು ಬೇಕೆಂದು ಪೋಷಕರು ಗಾಬರಿಯಾಗಬೇಕಿಲ್ಲ. ಹಳೆಯ ಎರಡು ಕಂಪ್ಯೂಟರ್, ಒಂದು ತಂತಿ ಸಾಕು. ಒಂದರಲ್ಲಿ ವಿಂಡೋಸ್ ಇರಲಿ, ಇನ್ನೊಂದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಮತ್ತು ಸಾಂಬಾ ಹಾಕಲಿ. 'ಹಲಗೂರು' ಎಂದು ಕನ್ನಡದಲ್ಲೇ ಹೆಸರಿಟ್ಟ ಕಡತವನ್ನು ಇಲ್ಲಿಂದ ಅಲ್ಲಿಗೆ ಕಳಿಸಿ, ಅತ್ತ ಏನು ಕಾಣುತ್ತದೆಂದು ನೋಡಲಿ.