ಸ್ನಾಯುವಿನೊಳಗೊಂದು ಲಸಿಕೆಯ ಕಾರ್ಖಾನೆ

ಮಲೇರಿಯಾ ಹೊತ್ತ ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ರೋಗಾಣುಗಳು ರಕ್ತದೊಡನೆ ಹರಿದು ಯಕೃತ್ತನ್ನು ಸೇರಿ, ಅಲ್ಲಿನ ಜೀವಕೋಶಗಳೊಳಗೆ ಅಡಗಿ ಕುಳಿತುಬಿಡುತ್ತವೆ. ಸುಮಾರು ಒಂದು ವಾರ ಚಳಿಯೂ ಇಲ್ಲ, ಜ್ವರವೂ ಇಲ್ಲ. ಅಷ್ಟರಲ್ಲಿ ಒಂದೊಂದೂ ಸಾವಿರಾರಾಗಿ ಬೆಳೆದು ಹೊರಬೀಳುತ್ತದೆ. 2023ರಲ್ಲಿ ಈ ವ್ಯಾಧಿಗೆ ಬಲಿಯಾದವರು ಸುಮಾರು 5,97,000 ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಹಸುಳೆಗಳು.

ಸಿಡುಬನ್ನು ಭೂಮಿಯಿಂದಲೇ ಅಟ್ಟಿದ ಮಾನವನಿಗೆ ಈ ಪರಾವಲಂಬಿಯು ಮಣಿಯದಿರಲು ಕಾರಣವುಂಟು. ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳು ಜೀವಕೋಶದ ಒಳಹೊಕ್ಕ ಶತ್ರುವನ್ನು ಮುಟ್ಟಲಾರವು. ಅವನನ್ನು ಅಡಗಿದ ಮನೆಯ ಸಹಿತ ನಾಶಮಾಡುವ ಕೆಲಸ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳದು. ಅವುಗಳನ್ನು ಎಚ್ಚರಿಸುವ ಬಗೆ ಹೇಗೆ?

1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜಾನ್ ವುಲ್ಫ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಬರಿಯ ಡಿ.ಎನ್.ಎ.ಯನ್ನು ಇಲಿಯ ಸ್ನಾಯುವಿಗೆ ಚುಚ್ಚಿದರೆ ಸಾಕು, ಅದರಲ್ಲಿ ಬರೆದ ಪ್ರೋಟೀನನ್ನು ಸ್ನಾಯುವಿನ ಕೋಶಗಳೇ ತಯಾರಿಸುತ್ತಿದ್ದವು! ಸಿದ್ಧವಾದ ಅಡುಗೆಯನ್ನು ಕಳುಹಿಸುವ ಬದಲು, ಅಡುಗೆಯ ವಿಧಾನವನ್ನು ಚೀಟಿಯಲ್ಲಿ ಬರೆದು ಕಳುಹಿಸಿದಂತೆ. ಅಡುಗೆಯು ದೇಹದ ಕೋಶದೊಳಗೇ ನಡೆಯುವುದರಿಂದ ಟಿ-ಕೋಶಗಳಿಗೆ ಅದರ ವಾಸನೆ ತಗಲುವುದು ಸುಲಭ.

ಅಮೆರಿಕದ ನೌಕಾಪಡೆಯ ವೈದ್ಯ ಸ್ಟೀಫನ್ ಹಾಫ್‌ಮನ್ನರ ತಂಡ ಈ ಎಳೆಯನ್ನು ಹಿಡಿಯಿತು. ಮಲೇರಿಯಾ ರೋಗಾಣುವಿನ ಹೊರಕವಚದ ಪ್ರೋಟೀನನ್ನು ಬರೆದ ಡಿ.ಎನ್.ಎ. ಚುಚ್ಚಿಸಿಕೊಂಡ ಇಲಿಗಳಲ್ಲಿ ಹಲವು ರೋಗದಿಂದ ಪಾರಾದವು. 1998ರಲ್ಲಿ, 20 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿದ ಪರೀಕ್ಷೆಯ ಫಲ ಹೊರಬಂದಿತು. 11 ಮಂದಿಯಲ್ಲಿ ಟಿ-ಕೋಶಗಳು ಎಚ್ಚೆತ್ತಿದ್ದವು; ಆದರೆ ಪ್ರತಿಕಾಯಗಳು ಒಬ್ಬರಲ್ಲಿಯೂ ಕಾಣಲಿಲ್ಲ. ಇಲಿಗೆ ಸಾಕಾದುದು ಮನುಷ್ಯನಿಗೆ ಸಾಲದಾಯಿತು.

ಮುಂದೆ ಡಿ.ಎನ್.ಎ.ಯ ಚುಚ್ಚುಮದ್ದಿನ ಬೆನ್ನಿಗೆ, ಅದೇ ಸಂದೇಶವನ್ನು ಹೊತ್ತ ನಿರುಪದ್ರವಿ ನೆಗಡಿ ವೈರಸ್ಸಿನ ಇನ್ನೊಂದು ಚುಚ್ಚುಮದ್ದನ್ನು ಕೊಟ್ಟು ನೋಡಿದರು. ಅನಂತರ ಸ್ವಯಂಸೇವಕರು ಮಲೇರಿಯಾ ಸೊಳ್ಳೆಗಳಿಗೆ ಮನಃಪೂರ್ವಕವಾಗಿ ತೋಳೊಡ್ಡಿದರು. ಅವರ ಧೈರ್ಯ ಸಾಮಾನ್ಯದ್ದಲ್ಲ! 2013ರಲ್ಲಿ ಪ್ರಕಟವಾದಂತೆ, 15 ಮಂದಿಯಲ್ಲಿ ನಾಲ್ವರಿಗೆ ರೋಗ ತಗಲಲಿಲ್ಲ. ಸಣ್ಣ ಗೆಲುವೇ ಸರಿ, ಆದರೆ ಡಿ.ಎನ್.ಎ. ಇಲ್ಲದೆ ವೈರಸ್ಸಿನ ಚುಚ್ಚುಮದ್ದೊಂದನ್ನೇ ಪಡೆದವರಲ್ಲಿ ಒಬ್ಬರಿಗೂ ರಕ್ಷಣೆ ದೊರೆತಿರಲಿಲ್ಲ.

2021ರಲ್ಲಿ ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ಶಿಫಾರಸು ಮಾಡಿದ ಎರಡು ಮಲೇರಿಯಾ ಲಸಿಕೆಗಳೂ ಸಿದ್ಧ ಪ್ರೋಟೀನಿನವೇ. ಮನುಷ್ಯರಿಗೆಂದು ಮೊದಲು ಅನುಮತಿ ಪಡೆದ ಡಿ.ಎನ್.ಎ. ಲಸಿಕೆ ನಮ್ಮ ಅಹಮದಾಬಾದಿನದು. 2021ರ ಆಗಸ್ಟಿನಲ್ಲಿ ಅದು ಕೋವಿಡ್ ವಿರುದ್ಧ ಬಂದಿತು. ಕೋವಿಡ್ ವೈರಸ್ಸಿನಲ್ಲಿರುವುದು ಕೆಲವೇ ಜೀನುಗಳು. ಮಲೇರಿಯಾ ಪರಾವಲಂಬಿಯಲ್ಲಿ 5,000ಕ್ಕೂ ಹೆಚ್ಚು. ಅವುಗಳಲ್ಲಿ ಯಾವುದನ್ನು ಚೀಟಿಯಲ್ಲಿ ಬರೆದು ಕಳುಹಿಸಬೇಕೆಂಬ ಹುಡುಕಾಟ ಇನ್ನೂ ನಡೆದಿದೆ.