ಯಾದಗಿರಿ ಎಂದರೆ 63 ಅಕ್ಷರ

ವಿಳಾಸದಲ್ಲೇ ಕನ್ನಡವಿರುವ ವೆಬ್ ಪುಟ, ಯಾದಗಿರಿಯದೇ ಎಂದಿಟ್ಟುಕೊಳ್ಳಿ, ಯಾರಾದರೂ ತೆರೆದರೆ ಸರ್ವರ್‌ನ ಆಕ್ಸೆಸ್ ಲಾಗ್‌ಗೆ ಒಂದು ಸಾಲು ಸೇರುತ್ತದೆ. ಬಂದವರ ಐಪಿ ವಿಳಾಸ, ಚೌಕ ಆವರಣದಲ್ಲಿ ದಿನಾಂಕ ಮತ್ತು ಸಮಯ, ಕೇಳಿದ ಪುಟ, ಅದು ಸಿಕ್ಕಿದ್ದರೆ 200, ಇಲ್ಲದಿದ್ದರೆ 404, ಕಳಿಸಿದ ಬೈಟ್‌ಗಳ ಲೆಕ್ಕ. ಎಲ್ಲವನ್ನೂ ಓದಬಹುದು, ಊರ ಹೆಸರೊಂದನ್ನು ಬಿಟ್ಟು. ಅಲ್ಲಿರುವುದು ಶೇಕಡಾ ಚಿಹ್ನೆಗಳ ಸಂತೆ.

ಸಾಲಿನ ಈ ರೂಪ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದ ಸರ್ವರ್‌ನದು. ಅದರಿಂದಲೇ 1995ರಲ್ಲಿ ಹುಟ್ಟಿದ ಅಪಾಚಿ ಅದನ್ನು ಹಾಗೆಯೇ ಉಳಿಸಿಕೊಂಡಿತು. ಸಾಲನ್ನು ಬಿಡಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕು ವಿನ್ಯಾಸ ಇನ್ನೂ ಹಳೆಯದು. ನರಕೋಶಗಳ ಗಣಿತ ಮಾದರಿಯ ಬೆನ್ನು ಹತ್ತಿದ್ದ ಸ್ಟೀಫನ್ ಕ್ಲೀನಿ 1956ರಲ್ಲಿ ಅದನ್ನು ಪ್ರಕಟಿಸಿದರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯ ಹುಡುಕಲು ಹಚ್ಚಿದರು. ಯುನಿಕ್ಸ್‌ನ ಹುಡುಕು ಸಾಧನ ಗ್ರೆಪ್ ಕೂಡ ಅವರದೇ.

ತಮಾಷೆಯೆಂದರೆ, ಓದಲಾಗದ ಆ ಸಂತೆಯ ಮೂಲದಲ್ಲೂ ಇದೇ ಥಾಂಪ್ಸನ್ ಇದ್ದಾರೆ. 1992ರಲ್ಲಿ ರಾಬ್ ಪೈಕ್ ಜೊತೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ಅವರು ಯುಟಿಎಫ್-8 ರೂಪಿಸಿದರು. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ವೆಬ್ ವಿಳಾಸದಲ್ಲಿ ಇವು ನೇರವಾಗಿ ಸಲ್ಲವು. ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಹೋಗಬೇಕು. ಯ, ಇಳಿ, ದ, ಗ, ಗುಡಿಸು, ರ, ಗುಡಿಸು: ಏಳು ಚಿಹ್ನೆ, 21 ಬೈಟ್, 63 ಅಕ್ಷರ. ಅದೇ ಜಿಲ್ಲೆಯ ಶಹಾಪುರಕ್ಕೂ ಸುರಪುರಕ್ಕೂ 54.

ನಿಜವಾದ ಪೇಚು ಇರುವುದು ಕೊಂಬಿನಲ್ಲಿ. ಯಾದಗಿರಿಯ ಏಳೂ ಚಿಹ್ನೆಗಳು 'ಇ0 ಬಿ2' ಎಂದೇ ಶುರುವಾಗುತ್ತವೆ. ಅದನ್ನು ನೋಡಿ, ಕನ್ನಡವೆಂದರೆ ಇಷ್ಟೇ ಎಂದು ವಿನ್ಯಾಸ ಬರೆದವರಿಗೆ ಶಹಾಪುರ 'ಶಹಾಪ'ದಲ್ಲೇ ನಿಲ್ಲುತ್ತದೆ. ಸುರಪುರದ್ದು ಮೊದಲ 'ಸ' ಮಾತ್ರ ಸಿಗುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಗುಡಿಸಿನ ದೀರ್ಘದಿಂದ ಮುಂದಿನ ಸ್ವರಚಿಹ್ನೆಗಳು, ಕೊಂಬು ಸಹಿತ, 'ಇ0 ಬಿ3'ಗೆ ದಾಟುತ್ತವೆ. ಅರ್ಧಾಕ್ಷರದ ಹಲಂತವೂ ಕನ್ನಡ ಅಂಕಿಗಳೂ ಅಲ್ಲೇ. ಹಾಗಾಗಿ ವಿನ್ಯಾಸದಲ್ಲಿ 'ಬಿ' ನಂತರದ 2, 3 ಎರಡನ್ನೂ ಚೌಕ ಆವರಣದೊಳಗೆ ಸೇರಿಸಬೇಕು. ನನ್ನ ಮಟ್ಟಿಗೆ, ಮೊದಲು ವಿಳಾಸವನ್ನು ಕನ್ನಡಕ್ಕೆ ಬಿಡಿಸಿಕೊಂಡು ಆಮೇಲೆ ಹುಡುಕುವುದೇ ಲೇಸು.

ಇಂಗ್ಲಿಷ್ ವಿಳಾಸಗಳಲ್ಲಿ ಸುರಪುರದ ಕಾಟ ಬೇರೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಾಲದ 'ಶೋರಾಪುರ' ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಜನ ಬರೆಯುವುದು ಸುರ್ಪುರ್, ಸುರಪುರ. ಒಂದೇ ಊರಿನ ಓದುಗರನ್ನು ಎಣಿಸಲು ಮೂರೂ ರೂಪಗಳ ನಡುವೆ ನಿಂತ ಗೆರೆ ಹಾಕಿ, ಇದಾದರೂ ಸರಿ, ಅದಾದರೂ ಸರಿ ಎಂದು ಗ್ರೆಪ್‌ಗೆ ಹೇಳಬೇಕಾಗುತ್ತದೆ.